ಎಲ್ಲರೂ ಹೀಗೇ ಇದ್ದಾರೆ ಅಂದುಕೊಂಡಿದ್ದೆ

2020ರ ಮಾರ್ಚ್ ಮೂರನೇ ವಾರ. ಬೆಂಗಳೂರಿನ ವಿಜಯನಗರದಲ್ಲಿ ನಾನಿದ್ದ ಪಿ.ಜಿ.ಯವರು ‘ಎರಡು ದಿನದಲ್ಲಿ ಖಾಲಿ ಮಾಡಿ’ ಎಂದರು. ಬಿ.ಕಾಂ. ಮುಗಿಸಿ, ಬ್ಯಾಂಕ್ ಪರೀಕ್ಷೆಗೆಂದು ಕೋಚಿಂಗ್ ಸೇರಿ ಎಂಟು ತಿಂಗಳಾಗಿತ್ತು. ಒಂದು ಬ್ಯಾಗಿನಲ್ಲಿ ಬಟ್ಟೆ, ಇನ್ನೊಂದರಲ್ಲಿ ಪುಸ್ತಕ ತುಂಬಿಕೊಂಡು ಮೆಜೆಸ್ಟಿಕ್‌ನಲ್ಲಿ ತಿಪಟೂರು ಬಸ್ ಹತ್ತಿದೆ. ‘ಹದಿನೈದು ದಿನ ಅಷ್ಟೇ ಕಣೆ, ಬಂದುಬಿಡೋಣ’ ಎಂದು ರೂಮಿನ ಗೆಳತಿ ಕೈಬೀಸಿದಳು.

ಮಾರ್ಚ್ 24ರ ರಾತ್ರಿ ಟಿ.ವಿ.ಯಲ್ಲಿ 21 ದಿನಗಳ ಲಾಕ್‌ಡೌನ್ ಘೋಷಣೆಯಾಯಿತು. ಮರುದಿನವೇ ಯುಗಾದಿ. ಮನೆಯಲ್ಲಿ ಹೋಳಿಗೆ ಮಾಡಿದ್ದರು. ಮೊದಲ ಕೆಲವು ದಿನ ಹಬ್ಬದ ರಜೆಯಂತೆಯೇ ಇತ್ತು. ಅಜ್ಜಿಯ ಜೊತೆ ಚೌಕಾಬಾರ ಆಡಿದೆ. ಓದಲು ಟೈಮ್‌ಟೇಬಲ್ ಬರೆದು ಗೋಡೆಗೆ ಅಂಟಿಸಿದೆ.

ಏಪ್ರಿಲ್ ಮಧ್ಯದ ಹೊತ್ತಿಗೆ ಏನೋ ತಪ್ಪುತ್ತಿತ್ತು. ಬೆಳಗಿನ ಜಾವ ಮೂರಕ್ಕೇ ಎಚ್ಚರವಾಗುತ್ತಿತ್ತು. ಆಮೇಲೆ ನಿದ್ದೆ ಇಲ್ಲ. ಆದರೆ ಹಾಸಿಗೆಯಿಂದ ಏಳುತ್ತಿದ್ದುದು ಹನ್ನೊಂದಕ್ಕೆ. ಪುಸ್ತಕ ತೆರೆದರೆ ಒಂದೇ ಲೆಕ್ಕವನ್ನು ಐದು ಸಲ ಓದಿದರೂ ತಲೆಗೆ ಹತ್ತುತ್ತಿರಲಿಲ್ಲ. ನನಗೆ ಪ್ರಾಣವಾಗಿದ್ದ ಅಮ್ಮನ ಬಸ್ಸಾರು ಬಾಯಿಗೆ ಬಿಸಿನೀರಿನಂತಿತ್ತು. ಸ್ನಾನ ಎರಡು ದಿನಕ್ಕೊಮ್ಮೆ, ಆಮೇಲೆ ನಾಲ್ಕು ದಿನಕ್ಕೊಮ್ಮೆ ಆಯಿತು. ಗೆಳತಿಯರ ಫೋನ್ ಬಂದರೆ ಸೈಲೆಂಟ್‌ಗೆ ಹಾಕಿ, ರಿಂಗ್ ನಿಲ್ಲುವವರೆಗೂ ನೋಡುತ್ತಾ ಕೂರುತ್ತಿದ್ದೆ.

ಆಶ್ಚರ್ಯವೆಂದರೆ ಇದು ಯಾರಿಗೂ ವಿಚಿತ್ರ ಅನ್ನಿಸಲಿಲ್ಲ, ನನಗೂ ಸಹ. ‘ಲಾಕ್‌ಡೌನ್ ಅಲ್ವಾ, ಎಲ್ಲರ ಮನೇಲೂ ಇದೇ ಕತೆ. ಮಕ್ಕಳು ಮಲಗೇ ಇರ್ತವೆ’ ಎಂದು ಅಮ್ಮ ಪಕ್ಕದ ಮನೆಯವರಿಗೆ ಹೇಳುತ್ತಿದ್ದರು. ವಾಟ್ಸ್‌ಆ್ಯಪ್‌ನಲ್ಲಿ ದಿನವಿಡೀ ಮಲಗುವವರ ಬಗ್ಗೆ ಜೋಕುಗಳು ಹರಿದಾಡುತ್ತಿದ್ದವು. ನಾನೂ ನಗುವ ಎಮೋಜಿ ಹಾಕುತ್ತಿದ್ದೆ. ಎಲ್ಲರೂ ಹೀಗೇ ಇದ್ದಾರೆ, ಲಾಕ್‌ಡೌನ್ ಮುಗಿದರೆ ಸರಿಹೋಗುತ್ತದೆ ಎಂದು ನಂಬಿದ್ದೆ.

ಈ ನಡುವೆ ಮದುವೆಯ ಮಾತು ಬಂತು. ಮದುವೆಗೆ ಐವತ್ತೇ ಜನ ಸೇರಬೇಕೆಂಬ ನಿಯಮವಿತ್ತಲ್ಲ, ‘ಖರ್ಚು ಕಮ್ಮಿ, ಈಗಲೇ ಮುಗಿಸಿಬಿಡೋದು ಒಳ್ಳೇದು’ ಎಂದರು ನೆಂಟರು. ಹಿಂದಿನ ನಾನಾಗಿದ್ದರೆ ಮನೆ ರಣರಂಗವಾಗುತ್ತಿತ್ತು. ಆಗ ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಯಾರದೋ ಮದುವೆಯ ಮಾತು ಕೇಳಿದಂತಿತ್ತು. ‘ಹುಡುಗಿಗೆ ಬುದ್ಧಿ ಬಂದಿದೆ’ ಎಂದು ಅಮ್ಮ ಖುಷಿಪಟ್ಟರು.

ಮೇ 19ರಿಂದ ಸರ್ಕಾರಿ ಬಸ್ಸುಗಳು ಓಡಾಡತೊಡಗಿದವು. ಜೂನ್‌ನಲ್ಲಿ ಹೋಟೆಲು, ದೇವಸ್ಥಾನ ತೆರೆದವು. ಅಪ್ಪ ಕೊಬ್ಬರಿ ವ್ಯಾಪಾರಕ್ಕೆಂದು ಪೇಟೆಗೆ ಹೊರಟರು. ‘ನಾನು ವಾಪಸ್ ಬಂದೆ, ನೀನ್ಯಾವಾಗ?’ ಎಂದು ಗೆಳತಿ ಮೆಸೇಜ್ ಮಾಡಿದಳು. ಆ ಮೆಸೇಜ್ ಓದಿದಾಗ ನನಗೆ ಮೊದಲ ಸಲ ಭಯವಾಯಿತು. ಎಲ್ಲರ ಬಾಗಿಲೂ ತೆರೆದಿತ್ತು. ನನಗೆ ಮಾತ್ರ ಹಾಸಿಗೆಯಿಂದ ಬಚ್ಚಲಮನೆಗೆ ಹೋಗುವುದೇ ದೊಡ್ಡ ಪ್ರಯಾಣ. ಹಾಗಾದರೆ ನನ್ನನ್ನು ಕಟ್ಟಿಹಾಕಿದ್ದು ಲಾಕ್‌ಡೌನ್ ಅಲ್ಲವೇ?

ಉತ್ತರ ಹೊಳೆಯಲಿಲ್ಲ. ಹೊಳೆದದ್ದು ಇನ್ನೊಂದು. ‘ನಾನು ಸೋಮಾರಿ, ದಂಡಪಿಂಡ. ಅಪ್ಪ ಕೋಚಿಂಗ್‌ಗೆ ಕಟ್ಟಿದ ದುಡ್ಡು ನೀರಿಗೆ ಹೋಯಿತು. ನಾನಿಲ್ಲದಿದ್ದರೆ ಇವರಿಗೆ ಒಂದು ಹೊರೆ ಕಮ್ಮಿ.’ ಈ ಯೋಚನೆ ಅಳುವಿನ ಜೊತೆ ಬರಲಿಲ್ಲ. ಅಂಗಡಿಯ ಲೆಕ್ಕ ಹಾಕಿದಷ್ಟು ತಣ್ಣಗೆ ಬಂತು. ಈಗ ನೆನೆದರೆ ಮೈ ನಡುಗುವುದು ಆ ತಣ್ಣನೆಯದಕ್ಕೇ.

ಅದೇ ವಾರ ನಮ್ಮೂರಿನ ಆಶಾ ಕಾರ್ಯಕರ್ತೆ ಮನೆಗೆ ಬಂದರು. ಕೈಯಲ್ಲಿ ಪಟ್ಟಿ, ಮುಖಕ್ಕೆ ಮಾಸ್ಕ್. ‘ಜ್ವರ, ಕೆಮ್ಮು, ನೆಗಡಿ ಯಾರಿಗಾದ್ರೂ ಇದೆಯಾ?’ ಎಂದು ಬಾಗಿಲಲ್ಲೇ ಕೇಳಿ ಬರೆದುಕೊಂಡರು. ಹೊರಡುವಾಗ ನನ್ನನ್ನು ನೋಡಿ ನಿಂತರು. ‘ಏನ್ ಪುಟ್ಟಿ, ಇಷ್ಟೊಂದು ಇಳಿದುಹೋಗಿದ್ದೀಯ? ಊಟ ಸೇರುತ್ತಾ? ನಿದ್ದೆ ಬರುತ್ತಾ?’

ಮೂರು ತಿಂಗಳಲ್ಲಿ ಯಾರೂ ಕೇಳದ ಪ್ರಶ್ನೆ. ಉತ್ತರ ಹೇಳಲು ಬಾಯಿ ತೆರೆದವಳು ಅತ್ತುಬಿಟ್ಟೆ. ಆ ಅಕ್ಕ ಅಂಗಳದಲ್ಲೇ ಕೂತು ಪೂರ್ತಿ ಕೇಳಿದರು. ಸಮಾಧಾನದ ದೊಡ್ಡ ಮಾತೇನೂ ಆಡಲಿಲ್ಲ. ನಿಮ್ಹಾನ್ಸ್‌ನ ಸಹಾಯವಾಣಿಯ ನಂಬರ್ ಬರೆದುಕೊಟ್ಟು, ‘ಇವತ್ತೇ ಮಾಡು. ನಾಳೆ ನಾನು ಬಂದು ಕೇಳ್ತೀನಿ’ ಎಂದರು.

ತೋಟದ ಬದುವಿನ ಮೇಲೆ ಕೂತು ಫೋನ್ ಮಾಡಿದೆ. ಅತ್ತ ಕಡೆಯ ಹೆಂಗಸು ಕನ್ನಡದಲ್ಲೇ ಮಾತಾಡಿದರು. ಒಂದಷ್ಟು ಕೇಳಿದ ಮೇಲೆ, ‘ಸಾಯಬೇಕು ಅನ್ನಿಸಿದೆಯಾ?’ ಎಂದು ನೇರವಾಗಿಯೇ ಕೇಳಿದರು. ಹೌದು ಅಂದೆ. ಅವರು ಬೆಚ್ಚಲೂ ಇಲ್ಲ, ಬೈಯಲೂ ಇಲ್ಲ. ಇದು ಕಾಯಿಲೆಯ ಲಕ್ಷಣ ಇರಬಹುದು, ಒಬ್ಬಳೇ ಇರಬೇಡಿ, ಇವತ್ತೇ ಮನೆಯಲ್ಲಿ ಒಬ್ಬರಿಗಾದರೂ ಹೇಳಿ, ಬೇಗ ಮನೋವೈದ್ಯರನ್ನು ನೋಡಿ ಎಂದರು.

ಅಮ್ಮನಿಗೆ ಹೇಳಿದೆ. ಯಾರದೋ ಕಣ್ಣು ಬಿದ್ದಿದೆ ಎಂದು ಅವರು ದೃಷ್ಟಿ ತೆಗೆದರು. ಅಪ್ಪ ಬಹಳ ಹೊತ್ತು ಸುಮ್ಮನಿದ್ದು, ‘ಹುಚ್ಚಿನ ಡಾಕ್ಟ್ರ ಹತ್ರ ಹೋದ್ಲು ಅಂತ ಗೊತ್ತಾದ್ರೆ ನಾಳೆ ಯಾರು ಮದುವೆ ಆಗ್ತಾರೆ? ಮನಸ್ಸು ಗಟ್ಟಿ ಮಾಡ್ಕೋಬೇಕು’ ಎಂದರು. ಮರುದಿನ ಹೇಳಿದಂತೆಯೇ ಬಂದ ಆಶಾ ಅಕ್ಕ ಅಪ್ಪನನ್ನು ಕೇಳಿದ್ದು ಇಷ್ಟೇ: ‘ಅಣ್ಣಾ, ನಿಮಗೆ ಶುಗರ್ ಇದೆ, ಮಾತ್ರೆ ತಗೊಳ್ತೀರಿ. ಮನಸ್ಸು ಗಟ್ಟಿ ಮಾಡ್ಕೊಂಡ್ರೆ ಶುಗರ್ ಇಳಿಯುತ್ತಾ?’

ಅಪ್ಪ ಮಾತಾಡಲಿಲ್ಲ. ಒಳಗಿದ್ದ ಅಜ್ಜಿ ಮಾತಾಡಿದರು. ನಮ್ಮ ಕಡೆ ಕೊಬ್ಬರಿ ಆಗಲಿ ಎಂದು ತೆಂಗಿನಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಹಾಕಿರುತ್ತಾರೆ. ‘ಅಟ್ಟದ ಮೇಲಿನ ಕಾಯಿ ಒಳಗೆ ಏನಾಗಿದೆ ಅಂತ ಹೊರಗಿಂದ ಗೊತ್ತಾಗುತ್ತೇನೋ? ತೆಗೆದು ಅಲ್ಲಾಡಿಸಿ ನೋಡ್ತೀಯ ತಾನೇ? ಮಗೂನ ಕರ್ಕೊಂಡ್ ಹೋಗು.’

ಆ ಸೋಮವಾರ ತುಮಕೂರಿನ ಜಿಲ್ಲಾ ಆಸ್ಪತ್ರೆಗೆ ಹೋದೆವು. ಬಸ್ಸಿನಲ್ಲಿ ಅಂತರ ಬಿಟ್ಟು ಕೂರಬೇಕಿತ್ತು. ಅಪ್ಪ ಮುಂದಿನ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ತಿರುಗಿ ತಿರುಗಿ ನೋಡುತ್ತಿದ್ದರು.

ವೈದ್ಯರು ಮೊದಲು ರಕ್ತ ಪರೀಕ್ಷೆ ಮಾಡಿಸಿದರು. ಥೈರಾಯ್ಡ್ ತೊಂದರೆ, ರಕ್ತಹೀನತೆ ಇದ್ದರೂ ಹೀಗೆ ಸುಸ್ತು, ಬೇಸರ ಕಾಣಿಸಿಕೊಳ್ಳಬಹುದಂತೆ. ಅದಾವುದೂ ಇರಲಿಲ್ಲ. ಖಿನ್ನತೆ ಎಂದರು. ಬೇಸರ ಎಲ್ಲರಿಗೂ ಬರುತ್ತದೆ, ಹೋಗುತ್ತದೆ. ಆದರೆ ದಿನದ ಹೆಚ್ಚು ಹೊತ್ತು ಮಂಕು, ಯಾವುದರಲ್ಲೂ ಆಸಕ್ತಿ ಇಲ್ಲ, ನಿದ್ದೆ-ಹಸಿವು ಕೆಟ್ಟಿದೆ, ತನ್ನ ಬಗ್ಗೆಯೇ ಕೀಳು ಭಾವನೆ ಎಂಬ ಸ್ಥಿತಿ ಎರಡು ವಾರ ಬಿಡದೆ ಇದ್ದರೆ ಅದನ್ನು ಕಾಯಿಲೆ ಎಂದೇ ನೋಡಬೇಕು ಎಂದರು. ಅಪ್ಪ ಮೆಲ್ಲಗೆ, ‘ಈ ಮಾತ್ರೆ ಅಭ್ಯಾಸ ಆಗೋಗುತ್ತಾ ಸಾರ್?’ ಎಂದು ಕೇಳಿದರು. ಇದು ನಿದ್ದೆ ಮಾತ್ರೆಯಲ್ಲ, ಚಟವಾಗುವುದಿಲ್ಲ, ಕೆಲಸ ಶುರುಮಾಡಲು ಎರಡರಿಂದ ನಾಲ್ಕು ವಾರ ಬೇಕು, ನೀವಾಗಿಯೇ ನಿಲ್ಲಿಸಬೇಡಿ ಎಂದು ವೈದ್ಯರು ಬಿಡಿಸಿ ಹೇಳಿದರು. ಮಾತ್ರೆ ಡಬ್ಬಿ ಅಮ್ಮನ ಕೈಯಲ್ಲೇ ಇರಲಿ ಎಂದೂ ಹೇಳಿದರು.

ಮೊದಲ ವಾರ ವಾಕರಿಕೆ. ಎರಡನೇ ವಾರ ಏನೂ ಬದಲಾಗಲಿಲ್ಲ. ನಾಲ್ಕನೇ ವಾರದ ಒಂದು ಬೆಳಿಗ್ಗೆ ಅಡುಗೆಮನೆಯಿಂದ ಒಗ್ಗರಣೆ ವಾಸನೆ ಬಂತು. ಹಸಿವಾಯಿತು. ಎರಡು ತಟ್ಟೆ ಚಿತ್ರಾನ್ನ ತಿಂದೆ. ಅಮ್ಮ ಒಲೆಯ ಕಡೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡರು. ಆ ದಿನಗಳಲ್ಲಿ ವೈದ್ಯರು ಕೊಟ್ಟಿದ್ದ ಹೋಂವರ್ಕ್ ಎರಡೇ: ನಿದ್ದೆ ಬರಲಿ ಬಿಡಲಿ ಏಳಕ್ಕೆ ಏಳುವುದು, ತೋಟದ ಕೊನೆಯವರೆಗೆ ನಡೆದು ಬರುವುದು. ಗೋಡೆಯ ಟೈಮ್‌ಟೇಬಲ್ ಕಿತ್ತುಹಾಕಿದೆ.

ಎಲ್ಲ ಸರಿಹೋಯಿತು ಎಂದು ಡಿಸೆಂಬರ್‌ನಲ್ಲಿ ಯಾರಿಗೂ ಹೇಳದೆ ಮಾತ್ರೆ ಬಿಟ್ಟೆ. ಮೊದಲು ತಲೆಸುತ್ತು ಬಂತು, ಕೆಲವೇ ವಾರಗಳಲ್ಲಿ ಆ ಮೂರು ಗಂಟೆಯ ಎಚ್ಚರವೂ ವಾಪಸ್ ಬಂತು. ನಾಚಿಕೆಯಿಂದಲೇ ಮತ್ತೆ ತುಮಕೂರಿಗೆ ಹೋದೆ. ವೈದ್ಯರು ಗದರಲಿಲ್ಲ. ‘ಬಹಳ ಜನ ಮಾಡೋ ತಪ್ಪಮ್ಮ. ಹುಷಾರಾದ ಮೇಲೂ ತಿಂಗಳುಗಟ್ಟಲೆ ತಗೋಬೇಕು. ಬಿಡುವಾಗ ನಾನೇ ನಿಧಾನವಾಗಿ ಕಮ್ಮಿ ಮಾಡ್ತೀನಿ’ ಎಂದರು.

2021ರ ಏಪ್ರಿಲ್ ಕೊನೆಗೆ ಎರಡನೇ ಅಲೆಯ ಬೀಗ ಬಿತ್ತು. ಅದು ಮೊದಲನೆಯದಕ್ಕಿಂತ ಕ್ರೂರ. ಮೇ ತಿಂಗಳಲ್ಲಿ ನಮ್ಮ ಚಿಕ್ಕಪ್ಪ ತೀರಿಕೊಂಡರು. ಮುಖ ನೋಡಲೂ ಆಗಲಿಲ್ಲ. ಬಿಕ್ಕಿ ಬಿಕ್ಕಿ ಅತ್ತೆ. ಆದರೆ ಅಳುತ್ತಲೇ ಚಿಕ್ಕಮ್ಮನಿಗೆ ದಿನಾ ಫೋನ್ ಮಾಡಿದೆ, ಅವರ ಮಕ್ಕಳಿಗೆ ಆನ್‌ಲೈನ್ ಪಾಠ ಹೇಳಿಕೊಟ್ಟೆ. ರಾತ್ರಿ ನಿದ್ದೆ ಬಂತು. ನನಗೆ ಮೊದಲ ಲಾಕ್‌ಡೌನ್ ಅರ್ಥವಾಗಿದ್ದು ಆಗಲೇ. ಎರಡನೇ ಸಲ ನನ್ನ ಮುಂದೆ ನಿಜವಾದ ದುಃಖವಿತ್ತು, ಆದರೂ ನಾನು ಕೈಕಾಲು ಆಡಿಸುತ್ತಿದ್ದೆ. ಮೊದಲ ಸಲ ಯಾರೂ ಸತ್ತಿರಲಿಲ್ಲ, ಆದರೂ ನಾನೇ ಸಾಯಲು ಹೊರಟಿದ್ದೆ. ಲಾಕ್‌ಡೌನ್ ಅದಕ್ಕೆ ಒಂದು ನೆಪ ಕೊಟ್ಟು ಮುಚ್ಚಿಟ್ಟಿತ್ತು, ಅಷ್ಟೇ.

2022ರ ಆರಂಭದಲ್ಲಿ ವೈದ್ಯರೇ ಮಾತ್ರೆ ಇಳಿಸುತ್ತಾ ಬಂದು ನಿಲ್ಲಿಸಿದರು. ಬ್ಯಾಂಕ್ ಪರೀಕ್ಷೆ ಇನ್ನೂ ಪಾಸಾಗಿಲ್ಲ. ತಿಪಟೂರಿನ ಆಡಿಟರ್ ಒಬ್ಬರ ಬಳಿ ಕೆಲಸ ಮಾಡುತ್ತಾ ಓದುತ್ತಿದ್ದೇನೆ. ಮದುವೆಯ ಮಾತು ಬಂದಾಗ ಈಗ ಜೋರಾಗಿಯೇ ಜಗಳವಾಡುತ್ತೇನೆ. ಅಮ್ಮನಿಗೆ ಅದೇ ಸಮಾಧಾನವಂತೆ.

ಲಾಕ್‌ಡೌನ್ ಈಗಿಲ್ಲ. ಆದರೆ ನೆಪಗಳಿವೆ. ‘ರಿಸಲ್ಟ್ ಟೆನ್ಷನ್’, ‘ಕೆಲಸ ಸಿಕ್ಕಿಲ್ಲ ಅಲ್ವಾ’, ‘ಹಾಸ್ಟೆಲ್‌ನಲ್ಲಿ ಎಲ್ಲರೂ ಹಂಗೇ’. ಇರಬಹುದು. ಎರಡು ವಾರ ದಾಟಿದರೆ ಮಾತ್ರ ನೆಪ ನಂಬಬೇಡಿ. 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಅದು, ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿರುತ್ತಾರೆ.

ಇನ್ನು ಪಕ್ಕದ ಮಂಚದ ಗೆಳತಿ ಫೋನ್ ಎತ್ತುತ್ತಿಲ್ಲ, ಮೆಸ್‌ಗೆ ಬರುತ್ತಿಲ್ಲ ಎನ್ನಿಸಿದರೆ ಬುದ್ಧಿ ಹೇಳಲು ಹೋಗಬೇಡಿ. ಆಶಾ ಅಕ್ಕನ ಹಾಗೆ ಪಕ್ಕದಲ್ಲಿ ಕೂತು ಕೇಳಿ: ಊಟ ಸೇರುತ್ತಾ? ನಿದ್ದೆ ಬರುತ್ತಾ? ಆಮೇಲೆ, ನಾಳೆ ಬಂದು ಕೇಳ್ತೀನಿ ಎಂದಿದ್ದರೆ, ನಾಳೆ ಹೋಗಿ.