ದುಡಿದ ವೇತನ, ಮುಂದಿನ ವೇತನ: ಶಿಕ್ಷಕರು ಅರಿಯಬೇಕಾದ ಭೇದ

ಆದವಾನಿ ಮತ್ತು ಆಲೂರು ತಾಲ್ಲೂಕುಗಳು 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರ ರಾಜ್ಯವನ್ನು ಸೇರಿದವು. ಇಲ್ಲಿಯ ಸರ್ಕಾರಿ ಕನ್ನಡ ಶಾಲೆಗಳ ಶಿಕ್ಷಕರು ಪಾಠ ಹೇಳುವುದು ಕನ್ನಡದಲ್ಲಿ. ಅವರ ವೇತನದ ಆದೇಶಗಳು ಬರುವುದು ಇಂಗ್ಲಿಷ್ ಅಥವಾ ತೆಲುಗಿನಲ್ಲಿ. ಆದೇಶವನ್ನು ಓದದೆ ಕೇಳಿದ ಮಾತನ್ನೇ ನಂಬಿದರೆ, ಸರ್ಕಾರಕ್ಕೆ ಅಧಿಕಾರವಿರುವ ಬದಲಾವಣೆ ಯಾವುದು, ಇಲ್ಲದ್ದು ಯಾವುದು ಎಂಬುದು ತಿಳಿಯದೆ ಹೋಗುತ್ತದೆ. ಈ ಭೇದವನ್ನು ರಾಜ್ಯದಲ್ಲಿಯೇ ನಡೆದ ಎರಡು ಪ್ರಸಂಗಗಳು ಸ್ಪಷ್ಟಪಡಿಸುತ್ತವೆ.

ದುಡಿದ ವೇತನ

ಕೊರೊನಾ ಪಿಡುಗಿನಿಂದ ಆದಾಯ ಕುಗ್ಗಿತೆಂದು ರಾಜ್ಯ ಸರ್ಕಾರವು 2020ರ ಮಾರ್ಚ್ 31ರಂದು ಆದೇಶ ಸಂಖ್ಯೆ 26ನ್ನು ಹೊರಡಿಸಿತು. ಶಿಕ್ಷಕರೂ ಸೇರಿದಂತೆ ಬಹುಪಾಲು ನೌಕರರ ವೇತನದಲ್ಲಿ ಶೇ. 50ರಷ್ಟನ್ನು, ನಾಲ್ಕನೆಯ ದರ್ಜೆಯ ನೌಕರರ ವೇತನದಲ್ಲಿ ಶೇ. 10ರಷ್ಟನ್ನು ಮುಂದೂಡಲಾಯಿತು. ಆ ವೇಳೆಗೆ ಮಾರ್ಚ್ ತಿಂಗಳ ಸೇವೆ ಮುಗಿದೇ ಇತ್ತು. ನಿವೃತ್ತ ಜಿಲ್ಲಾ ನ್ಯಾಯಾಧೀಶೆಯೊಬ್ಬರು ಇದನ್ನು ಪ್ರಶ್ನಿಸಿ ಉಚ್ಚ ನ್ಯಾಯಾಲಯದ ಮೊರೆಹೋದರು. ವೇತನ ಮತ್ತು ಪಿಂಚಣಿ ಸಂವಿಧಾನದ 300ಎ ವಿಧಿಯ ಅರ್ಥದಲ್ಲಿ ಆಸ್ತಿಯೇ ಆಗಿದ್ದು, ಕಾನೂನಿನ ಆಧಾರವಿಲ್ಲದೆ ಅವನ್ನು ತಡೆಹಿಡಿಯಲಾಗದೆಂದು ನ್ಯಾಯಾಲಯವು 2020ರ ಆಗಸ್ಟ್‌ನಲ್ಲಿ ತೀರ್ಪಿತ್ತು, ಬಾಕಿಯನ್ನು ಶೇ. 12ರ ಬಡ್ಡಿಯೊಡನೆ ಕೊಡಲು ಆದೇಶಿಸಿತು. ಸರ್ವೋಚ್ಚ ನ್ಯಾಯಾಲಯವು 2021ರ ಫೆಬ್ರವರಿ 8ರಂದು ಬಡ್ಡಿಯನ್ನು ಶೇ. 6ಕ್ಕೆ ಇಳಿಸಿತು, ಆದರೆ ಸಲ್ಲಿಸಿದ ಸೇವೆಯ ವೇತನ ನೌಕರರ ಹಕ್ಕು ಎಂಬುದನ್ನು ಎತ್ತಿಹಿಡಿಯಿತು.

ಮುಂದಿನ ವೇತನ

ಎರಡನೆಯ ಪ್ರಸಂಗ 2022ರ ಜನವರಿಯದು. ನೌಕರರು ಅದುವರೆಗೆ ಶೇ. 27ರಷ್ಟು ಮಧ್ಯಂತರ ಪರಿಹಾರ ಪಡೆಯುತ್ತಿದ್ದರು. ಹೊಸ ವೇತನ ಪರಿಷ್ಕರಣೆಯಲ್ಲಿ ಫಿಟ್‌ಮೆಂಟ್ ಶೇ. 23ಕ್ಕೆ ನಿಗದಿಯಾಯಿತು, ಮನೆ ಬಾಡಿಗೆ ಭತ್ಯೆಯ ದರಗಳೂ ಇಳಿದವು. ಫೆಬ್ರವರಿ 3ರಂದು ನೌಕರರೂ ಶಿಕ್ಷಕರೂ ಸಾವಿರಾರು ಸಂಖ್ಯೆಯಲ್ಲಿ ವಿಜಯವಾಡದಲ್ಲಿ ಸೇರಿದರು. ಅನಂತರದ ಮಾತುಕತೆಯಲ್ಲಿ ಬಾಡಿಗೆ ಭತ್ಯೆಯ ದರಗಳು ಸುಧಾರಿಸಿದವು. ಫಿಟ್‌ಮೆಂಟ್ ಮಾತ್ರ ಬದಲಾಗಲಿಲ್ಲ.

ಇಲ್ಲಿ ಫಲ ದೊರೆತದ್ದು ತೀರ್ಪಿನಿಂದಲ್ಲ, ಸಂಘಟನೆ ಮತ್ತು ಸಂಧಾನದಿಂದ. ಇದಕ್ಕೆ ಕಾರಣವುಂಟು. ನೇಮಕವಾದ ಬಳಿಕ ಸರ್ಕಾರಿ ನೌಕರನ ಸ್ಥಾನವು ಕರಾರಿನಿಂದಲ್ಲ, ಸೇವಾ ನಿಯಮಗಳಿಂದ ನಿರ್ಧಾರವಾಗುತ್ತದೆ; ಆ ನಿಯಮಗಳನ್ನು ಸರ್ಕಾರ ಬದಲಿಸಬಹುದು ಎಂದು ಸರ್ವೋಚ್ಚ ನ್ಯಾಯಾಲಯವು 1967ರ ರೋಷನ್ ಲಾಲ್ ಟಂಡನ್ ಪ್ರಕರಣದಲ್ಲಿ ಹೇಳಿದೆ. ಆದರೆ ಈಗಾಗಲೇ ಪ್ರಾಪ್ತವಾದ ಹಕ್ಕನ್ನು ಹಿಂದಿನ ದಿನಾಂಕದಿಂದ ಕಸಿಯುವಂತಿಲ್ಲ ಎಂಬುದು 1997ರ ರಂಗಧಾಮಯ್ಯ ಪ್ರಕರಣದ ನಿರ್ಣಯ. ಮುಂದಿನ ದರವನ್ನು ನಿಯಮದ ಮೂಲಕ ಬದಲಿಸಬಹುದು. ದುಡಿದದ್ದನ್ನು ಹಾಗೆ ಕಡಿತಗೊಳಿಸಲಾಗದು.

ಶಿಕ್ಷಕರು ಮಾಡಬೇಕಾದುದು

ವೇತನದಲ್ಲಿ ವ್ಯತ್ಯಾಸ ಕಂಡಾಗ ಮೊದಲು ಆದೇಶದ ಸಂಖ್ಯೆ, ದಿನಾಂಕ ಮತ್ತು ಅದು ಜಾರಿಗೆ ಬರುವ ದಿನವನ್ನು ನೋಡಬೇಕು. ಕಡಿತವು ಸಲ್ಲಿಸಿದ ಸೇವೆಗೆ ತಗಲುವುದೋ ಮುಂದಿನ ಸೇವೆಗೋ ಎಂಬುದನ್ನು ಗುರುತಿಸಬೇಕು. ಹಿಂದಿನ ವೇತನ ಚೀಟಿಗಳ ಪ್ರತಿಗಳನ್ನು ಕಾಪಾಡಿಕೊಂಡು, ಸೇವಾ ಪುಸ್ತಕದ ನಮೂದುಗಳೊಡನೆ ಹೋಲಿಸಬೇಕು. ಬಳಿಕ ವೇತನ ಬಟವಾಡೆ ಅಧಿಕಾರಿಗೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಬಾಯಿಮಾತಿನ ದೂರಿಗೆ ದಾಖಲೆಯಿರದು.

ಆ ಮನವಿ ಕನ್ನಡದಲ್ಲಿಯೇ ಇರಬಹುದು. ಕುಂದುಕೊರತೆಯ ನಿವಾರಣೆಗಾಗಿ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಯಾವುದೇ ಅಧಿಕಾರಿಗೆ ಮನವಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಪ್ರತಿಯೊಬ್ಬರಿಗೂ ಕೊಟ್ಟಿದೆ. ಆದೇಶದ ಭಾಷೆ ಬೇರೆಯಾದರೂ ಅಹವಾಲಿನ ಭಾಷೆ ಶಿಕ್ಷಕರದೇ.