ಸಾಕುಮನೆಯಲ್ಲಿ ಒಂದು ಬೇಸಗೆ

ಪರದೇಶದಲ್ಲಿ ಓದುವವರಿಗೆ ಬೇಸಗೆಯ ರಜೆ ಎಂಬುದು ಒಂದು ಸಮಸ್ಯೆ. ಊರಿಗೆ ಬಂದು ಹೋಗಲು ಕೈಯಲ್ಲಿ ಹಣವಿರುವುದಿಲ್ಲ. ಅಲ್ಲಿಯೇ ಇದ್ದುಬಿಡೋಣವೆಂದರೆ ಗೆಳೆಯರೆಲ್ಲ ಚದುರಿಹೋಗಿ ವಿದ್ಯಾರ್ಥಿನಿಲಯ ಬಿಕೋ ಎನ್ನುತ್ತಿರುತ್ತದೆ. 2007ರಲ್ಲಿ ಇಂಗ್ಲೆಂಡಿನಲ್ಲಿ ಸಂಶೋಧನ ವಿದ್ಯಾರ್ಥಿನಿಯಾಗಿದ್ದ ನಾನು ಇದಕ್ಕೆ ಕಂಡುಕೊಂಡ ಪರಿಹಾರವೆಂದರೆ ರೊಮೇನಿಯ ದೇಶದ ಒಂದು ಮಕ್ಕಳ ಸಾಕುಮನೆಯಲ್ಲಿ ಹತ್ತು ವಾರ ಸ್ವಯಂಸೇವಕಿಯಾಗಿ ದುಡಿಯುವುದು. ಊಟ, ವಸತಿ ಅವರದು. ಪ್ರಯಾಣದ ವೆಚ್ಚ ನನ್ನದು. ಕೇವಲ ಪರೋಪಕಾರದ ಪ್ರೇರಣೆಯಿಂದ ಹೋದೆನೆಂದು ಹೇಳಿದರೆ ಅದು ಪೂರ್ಣ ಸತ್ಯವಾಗಲಾರದು. ಕಾರ್ಪೇಥಿಯನ್ ಪರ್ವತಗಳನ್ನು ನೋಡುವ ಆಸೆಯೂ ಇತ್ತು. ಅನಾಥ ಮಕ್ಕಳಿಗೆ ನೆರವಾದವಳೆಂಬ ಹೆಸರನ್ನು ಹೊತ್ತು ಮರಳುವ ಆಸೆಯೂ ಒಳಗೆಲ್ಲೋ ಇದ್ದಿರಬೇಕು.

ಟ್ರಾನ್ಸಿಲ್ವೇನಿಯ ಪ್ರಾಂತದಲ್ಲಿ, ಬ್ರಾಶೋವ್ ನಗರದಿಂದ ಒಂದು ಗಂಟೆಯ ದಾರಿಯಲ್ಲಿ ಆ ಪುಟ್ಟ ಊರು. ಸಂಸ್ಥೆ ಎಂಬ ಮಾತಿಗೆ ಒಪ್ಪುವ ಲಕ್ಷಣ ಯಾವುದೂ ಆ ಮನೆಗೆ ಇರಲಿಲ್ಲ. ಹೆಂಚಿನ ಮಾಡು, ಹಿತ್ತಿಲಲ್ಲಿ ಪ್ಲಮ್ ಮರಗಳು, ಒಗೆದ ಬಟ್ಟೆ ತೂಗುವ ಹಗ್ಗ. ನಾಲ್ಕರಿಂದ ಹದಿನಾಲ್ಕು ವಯಸ್ಸಿನ ಹನ್ನೆರಡು ಮಕ್ಕಳು. ಸರದಿಯ ಮೇಲೆ ಬಂದು ನೋಡಿಕೊಳ್ಳುವ ಮೂವರು ಹೆಂಗಸರು. ಮಕ್ಕಳು ಅವರನ್ನು 'ತಾಂತಿ' ಎಂದು ಕರೆಯುತ್ತಿದ್ದರು. ನಮ್ಮ ಅತ್ತೆ, ಚಿಕ್ಕಮ್ಮ ಎಲ್ಲವೂ ಆ ಒಂದು ಶಬ್ದದಲ್ಲಿ ಅಡಗಿವೆ. ಅವರಲ್ಲಿ ಹಿರಿಯಳಾದ ತಾಂತಿಗೆ ಅರವತ್ತರ ಹತ್ತಿರದ ವಯಸ್ಸು. ಬೆಳಿಗ್ಗೆ ಮೆಕ್ಕೆಜೋಳದ ಹಿಟ್ಟನ್ನು ಕುದಿಯುವ ನೀರಿಗೆ ಸುರಿದು, ಮರದ ಕೋಲಿನಿಂದ ತಿರುವಿ, ಹಲಗೆಯ ಮೇಲೆ ಮಗುಚಿ, ದಾರದಿಂದ ಕತ್ತರಿಸಿ ಬಡಿಸುತ್ತಿದ್ದಳು. ಅದರ ಹೆಸರು ಮಾಮಲೀಗ. ರಾಗಿಮುದ್ದೆ ತೊಳಸುವುದನ್ನು ನೋಡಿ ಬೆಳೆದ ನನಗೆ ಆ ಕೋಲು ಕೈಗೆ ಹೊಸದೆನಿಸಲಿಲ್ಲ. ಆ ಮನೆಯಲ್ಲಿ ನನಗೆ ಮೊದಲು ದೊರೆತ ಮನ್ನಣೆ ಅಡುಗೆಯ ಒಲೆಯ ಮುಂದೆ.

ಮೊದಲ ದಿನದ ಒಂದು ಸಂಗತಿಯನ್ನು ಹೇಳಬೇಕು. ನಾನು ಚೀಲವನ್ನು ಕೆಳಗಿಟ್ಟು ಕುಳಿತಿದ್ದೆನಷ್ಟೆ, ನಾಲ್ಕು ವರ್ಷದ ಹೆಣ್ಣುಮಗುವೊಂದು ಓಡಿಬಂದು ನನ್ನ ತೊಡೆಯನ್ನೇರಿತು, ಕುತ್ತಿಗೆಗೆ ಕೈಹಾಕಿತು, ನನ್ನ ಜಡೆಯನ್ನು ಹಿಡಿದು ಆಡತೊಡಗಿತು. ನನ್ನ ಬಣ್ಣ, ಭಾಷೆ, ಉಡುಪು ಯಾವುದೂ ಅದಕ್ಕೆ ಅಪರಿಚಿತವೆನಿಸಲಿಲ್ಲ. ಆ ರಾತ್ರಿಯೇ ನಾನು ಅಮ್ಮನಿಗೆ ಉದ್ದನೆಯ ಪತ್ರ ಬರೆದೆ: ಪ್ರೀತಿಗೆ ಭಾಷೆಯ ಹಂಗಿಲ್ಲ, ಮಗು ಮನುಷ್ಯರ ಮನಸ್ಸನ್ನು ನೋಡುತ್ತದೆ, ಇತ್ಯಾದಿ. ಮರುದಿನ ತಾಂತಿಗೂ ನನ್ನ ಹರಕುಮುರುಕು ರೊಮೇನಿಯನ್‌ನಲ್ಲಿ ಅದನ್ನೇ ಹೇಳಿದೆ. ಆಕೆ ಬಟಾಟೆ ಸುಲಿಯುವುದನ್ನು ನಿಲ್ಲಿಸದೆ, "ಅವಳು ಅಂಚೆಯವನ ತೊಡೆಯನ್ನೂ ಏರುತ್ತಾಳೆ. ವಿದ್ಯುತ್ ಮೀಟರು ನೋಡಲು ಬರುವವನ ಕೈಹಿಡಿದು ಅವನ ಜೊತೆಗೇ ಹೊರಟುಬಿಡುತ್ತಾಳೆ. ಅದೇ ನಮ್ಮ ಚಿಂತೆ" ಎಂದಳು. ಆ ಮಾತು ನನಗೆ ಒರಟಾಗಿ ಕಂಡಿತು. ಅದರ ಅರ್ಥ ತಿಳಿಯಬೇಕಾದರೆ ಆ ದೇಶದ ಸ್ವಲ್ಪ ಹಿಂದಿನ ಕಥೆ ತಿಳಿಯಬೇಕು.

1966ರ ಅಕ್ಟೋಬರಿನಲ್ಲಿ ನಿಕೊಲಾಯ್ ಚೌಶೆಸ್ಕುವಿನ ಸರ್ಕಾರ 770ನೆಯ ಸಂಖ್ಯೆಯ ಆಜ್ಞೆಯೊಂದನ್ನು ಹೊರಡಿಸಿತು. ಜನಸಂಖ್ಯೆ ಹೆಚ್ಚಿದರೆ ದೇಶದ ಬಲ ಹೆಚ್ಚುತ್ತದೆಂಬುದು ಅದರ ತರ್ಕ. ಕೆಲವೇ ವಿನಾಯಿತಿಗಳನ್ನು ಬಿಟ್ಟು ಗರ್ಭಪಾತ ನಿಷಿದ್ಧವಾಯಿತು. ಸಂತಾನನಿಯಂತ್ರಣದ ಸಾಧನಗಳು ಅಂಗಡಿಗಳಿಂದ ಮಾಯವಾದವು. ಮಕ್ಕಳಿಲ್ಲದವರ ಮೇಲೆ ತೆರಿಗೆ ಬಿತ್ತು. ಮರುವರ್ಷವೇ ಜನನಗಳ ಸಂಖ್ಯೆ ಹೆಚ್ಚುಕಡಿಮೆ ಇಮ್ಮಡಿಯಾಯಿತು: 1966ರಲ್ಲಿ ಎರಡೂ ಮುಕ್ಕಾಲು ಲಕ್ಷದಷ್ಟಿದ್ದದ್ದು 1967ರಲ್ಲಿ ಐದೂಕಾಲು ಲಕ್ಷವನ್ನು ದಾಟಿತು. ಹುಟ್ಟಿಸುವುದಕ್ಕೆ ಆಜ್ಞೆಯಿತ್ತೇ ಹೊರತು ಸಾಕುವುದಕ್ಕೆ ಗತಿಯಿರಲಿಲ್ಲ. ಮುಂದೆ 1980ರ ದಶಕದಲ್ಲಿ, ವಿದೇಶದ ಸಾಲ ತೀರಿಸಬೇಕೆಂದು ಆಹಾರವನ್ನು ರಫ್ತು ಮಾಡಿ ಜನರನ್ನು ಪಡಿತರದ ಸಾಲಿನಲ್ಲಿ ನಿಲ್ಲಿಸಿದಾಗ, ಸಾಕಲಾರದವರು ಕೂಸುಗಳನ್ನು ಸರ್ಕಾರದ ಕೈಗೊಪ್ಪಿಸಿದರು. ಸರ್ಕಾರವೂ ಅದನ್ನು ತಪ್ಪೆಂದು ತಿಳಿಯಲಿಲ್ಲ. ತಾಯಿತಂದೆಗಳಿಗಿಂತ ತಾನು ಚೆನ್ನಾಗಿ ಬೆಳೆಸಬಲ್ಲೆನೆಂದೇ ಅದು ಹೇಳುತ್ತಿತ್ತು. ಮೂರು ವರ್ಷದೊಳಗಿನ ಕೂಸುಗಳನ್ನಿಡುವ ಸಂಸ್ಥೆಗೆ ಅಲ್ಲಿ ಇದ್ದ ಹೆಸರಿನ ಅರ್ಥ 'ತೊಟ್ಟಿಲು' ಎಂದು. ತೂಗುವ ಕೈಯೊಂದೇ ಇಲ್ಲದ ತೊಟ್ಟಿಲು ಅದು. ಹನ್ನೆರಡು ಹದಿನೈದು ಕೂಸುಗಳಿಗೆ ಒಬ್ಬಳು ದಾದಿ. ಅವಳೂ ಸರದಿ ಮುಗಿದರೆ ಬೇರೊಬ್ಬಳು. ಮೂರು ತುಂಬಿದೊಡನೆ ಮಗುವನ್ನು ಮತ್ತೊಂದು ಸಂಸ್ಥೆಗೆ ಸಾಗಿಸುತ್ತಿದ್ದರು. ಅಷ್ಟರವರೆಗೆ ಕಂಡ ಮುಖಗಳಲ್ಲಿ ಒಂದೂ ಜೊತೆಗೆ ಬರುತ್ತಿರಲಿಲ್ಲ.

1989ರ ಡಿಸೆಂಬರಿನಲ್ಲಿ ಆ ಸರ್ಕಾರ ಉರುಳಿತು. ಆಗ ಸಂಸ್ಥೆಗಳಲ್ಲಿದ್ದ ಮಕ್ಕಳ ಸಂಖ್ಯೆ ಲಕ್ಷಕ್ಕೂ ಮೇಲೆ. ಮರುವರ್ಷ ಆ ಕೋಣೆಗಳ ಚಿತ್ರಗಳನ್ನು ದೂರದರ್ಶನದಲ್ಲಿ ಕಂಡು ಜಗತ್ತು ಬೆಚ್ಚಿತು. ಅವರೆಲ್ಲ ಅನಾಥರೆಂದೇ ನಾವು ತಿಳಿದೆವು. ವಾಸ್ತವದಲ್ಲಿ ಬಹುಪಾಲು ಮಕ್ಕಳಿಗೆ ತಾಯಿಯೋ ತಂದೆಯೋ ಬದುಕಿದ್ದರು. ಒಳಹೊಕ್ಕವರಿಗೆ ಕೊಳೆಗಿಂತ ಹೆಚ್ಚಾಗಿ ಕಾಡಿದ್ದು ನಿಶ್ಶಬ್ದವಂತೆ. ಸಾಲುಸಾಲು ತೊಟ್ಟಿಲುಗಳು, ಅಳು ಮಾತ್ರ ಇಲ್ಲ. ಅತ್ತರೆ ಯಾರಾದರೂ ಬರುತ್ತಾರೆಂಬ ಅನುಭವವೇ ಇಲ್ಲದ ಕೂಸು ಯಾರಿಗಾಗಿ ಅಳಬೇಕು?

ಇದರ ಪರಿಣಾಮವನ್ನು ಅಳೆದು ನೋಡಿದವರು ಅಮೆರಿಕದ ಮೂವರು ವಿಜ್ಞಾನಿಗಳು: ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್ ಮತ್ತು ಚಾರ್ಲ್ಸ್ ಝೀನಾ. ಅವರ ತಂಡ ರಾಜಧಾನಿ ಬುಕಾರೆಸ್ಟಿನ ಸಂಸ್ಥೆಗಳಿಂದ, ಆರು ತಿಂಗಳಿನಿಂದ ಎರಡೂವರೆ ವರ್ಷದವರೆಗಿನ 136 ಮಕ್ಕಳನ್ನು ಆರಿಸಿತು. ಅವರಲ್ಲಿ ಅರ್ಧದಷ್ಟು ಮಕ್ಕಳು ಚೀಟಿಯೆತ್ತಿದಂತೆ ಸಾಕುತಾಯಂದಿರ ಮನೆಗಳಿಗೆ ಹೋದರು, ಉಳಿದರ್ಧ ಇದ್ದಲ್ಲಿಯೇ ಉಳಿದರು. ಅಂಥ ಮನೆಗಳು ಆ ನಗರದಲ್ಲಿ ಹೆಚ್ಚುಕಡಿಮೆ ಇರಲೇ ಇಲ್ಲ. ಹುಡುಕಿ, ತರಬೇತಿ ಕೊಟ್ಟು, ಸಂಬಳ ಕೊಟ್ಟು ಸಿದ್ಧಪಡಿಸಬೇಕಾಯಿತು. ಚೀಟಿಯೆತ್ತಿ ಮಗುವಿನ ಭಾಗ್ಯವನ್ನು ನಿರ್ಧರಿಸುವುದು ಸರಿಯೇ ಎಂದು ನೀವು ಕೇಳಬಹುದು. ಆ ಪ್ರಶ್ನೆಯನ್ನು ಅವರೂ ಎದುರಿಸಿದರು. ಉಳಿದ ಮಕ್ಕಳಿಗೆ ಮುಂದೆ ಮನೆ ಸಿಕ್ಕರೆ ತಡೆಯುವುದಿಲ್ಲವೆಂಬ ಕರಾರು ಇತ್ತು. ಆದರೂ ಆ ಪ್ರಶ್ನೆ ನನ್ನ ಮನಸ್ಸಿನಿಂದ ಪೂರ್ತಿ ಹೋಗಿಲ್ಲ.

ಫಲಿತಾಂಶದ ಒಂದು ಭಾಗ, ನಾನು ಮರಳಿದ ಕೆಲವೇ ತಿಂಗಳಲ್ಲಿ, 2007ರ ಡಿಸೆಂಬರಿನಲ್ಲಿ ಪ್ರಕಟವಾಯಿತು. ನಾಲ್ಕೂವರೆ ವರ್ಷ ತುಂಬಿದಾಗ ಸಂಸ್ಥೆಗೆಂದು ಚೀಟಿ ಬಂದಿದ್ದ ಮಕ್ಕಳ ಬುದ್ಧಿಮಾಪನದ ಸರಾಸರಿ 73. ಸಾಕುತಾಯಂದಿರಲ್ಲಿಗೆ ಹೋದವರದು 81. ಹುಟ್ಟಿದಂದಿನಿಂದ ಮನೆಯಲ್ಲೇ ಬೆಳೆದವರದು 109. ಅನ್ನ ಬಟ್ಟೆ ಎಲ್ಲ ದೊರೆತರೂ, ತನ್ನದೆಂಬ ಒಂದು ಮುಖವಿಲ್ಲದಿದ್ದರೆ ಮೆದುಳೇ ಸೊರಗುತ್ತದೆ ಎಂದಾಯಿತು. ಎರಡು ವರ್ಷದೊಳಗೆ ಮನೆ ಸೇರಿದ ಮಕ್ಕಳಲ್ಲಿ ಚೇತರಿಕೆ ಹೆಚ್ಚು; ತಡವಾದಷ್ಟೂ ಕಡಿಮೆ. ಸಂಸ್ಥೆಯಲ್ಲಿ ಬೆಳೆದ ಮಕ್ಕಳಲ್ಲಿ ಸಂಶೋಧಕರು ಗುರುತಿಸಿದ ಒಂದು ಲಕ್ಷಣವೆಂದರೆ, ಕಂಡಕಂಡವರ ಬಳಿ ಹಿಂಜರಿಕೆಯಿಲ್ಲದೆ ಹೋಗುವುದು, ಅಪರಿಚಿತರನ್ನೂ ಅಪ್ಪಿಕೊಳ್ಳುವುದು. ಮನೆಯಲ್ಲಿ ಬೆಳೆದ ಮಗು ಹೊಸಬರನ್ನು ಕಂಡರೆ ತಾಯಿಯ ಸೆರಗಿನ ಹಿಂದೆ ಅಡಗುತ್ತದೆ. ಅಡಗಲು ಸೆರಗೇ ಇಲ್ಲದ ಮಗುವಿಗೆ ಎಲ್ಲರೂ ಸಮಾನರು. ಅಮ್ಮನಿಗೆ ಬರೆದ ಆ ಪತ್ರವನ್ನು ನೆನೆದು ನನಗೆ ನಾಚಿಕೆಯಾಯಿತು. ನಾನು ಪ್ರೀತಿಯೆಂದು ಓದಿಕೊಂಡದ್ದು ಒಂದು ಗಾಯವನ್ನು.

ಮತ್ತೆ ಆ ಬೇಸಗೆಗೆ ಬರುತ್ತೇನೆ. ಎರಡು ವರ್ಷದೊಳಗಿನ ಮಕ್ಕಳನ್ನು ಸಂಸ್ಥೆಗಳಲ್ಲಿ ಇಡಕೂಡದೆಂಬ ಕಾನೂನು 2004ರಲ್ಲಿ ಬಂದಿತ್ತು. ದೊಡ್ಡ ಅನಾಥಾಲಯಗಳನ್ನು ಒಂದೊಂದಾಗಿ ಮುಚ್ಚಿ, ಮಕ್ಕಳನ್ನು ಇಂಥ ಚಿಕ್ಕ ಮನೆಗಳಿಗೂ, ಸಂಬಳ ಪಡೆಯುವ ಸಾಕುತಾಯಂದಿರಿಗೂ ಹಂಚುತ್ತಿದ್ದರು. 2007ರ ಜನವರಿಯಲ್ಲಿ ರೊಮೇನಿಯ ಯುರೋಪ್ ಒಕ್ಕೂಟವನ್ನು ಸೇರಿತ್ತು. ತರುಣ ತರುಣಿಯರು ಇಟಲಿಗೂ ಸ್ಪೇನಿಗೂ ದುಡಿಯಲು ಹೋಗುತ್ತಿದ್ದರು. ತಾಂತಿಯ ಮಗಳು ಇಟಲಿಯಲ್ಲಿ ಯಾರದೋ ಮನೆಯ ಮುದುಕಿಯನ್ನು ನೋಡಿಕೊಳ್ಳುತ್ತಿದ್ದಳು. ಮಗಳ ಮಗುವನ್ನು ತಾಂತಿ ನೋಡಿಕೊಳ್ಳುತ್ತಿದ್ದಳು. ಆಕೆ ಕೆಲಸಕ್ಕೆ ಬಂದಾಗ ಆ ಮಗುವನ್ನು ನೆರೆಯವಳು ನೋಡಿಕೊಳ್ಳುತ್ತಿದ್ದಳು. ಈ ಸರಪಳಿಯ ಕೊನೆ ಎಲ್ಲಿ ಎಂದು ನಾನೊಮ್ಮೆ ಕೇಳಿದಾಗ ಆಕೆ ನಕ್ಕು ಸುಮ್ಮನಾದಳು.

ನಾನು ಮಕ್ಕಳಿಗೆ ಹಾಡು, ಚಿತ್ರಕಲೆ ಕಲಿಸಬೇಕೆಂದು ಬಣ್ಣದ ಪೆಟ್ಟಿಗೆಗಳನ್ನು ಒಯ್ದಿದ್ದೆ. ಮೂರನೆಯ ದಿನ ತಾಂತಿ ನನ್ನ ಕೈಗೆ ಒಗೆಯುವ ಬಟ್ಟೆಯ ಬುಟ್ಟಿಯನ್ನು ಕೊಟ್ಟಳು. "ನೀನು ಒಗೆ, ಪಾತ್ರೆ ತೊಳೆ, ಹುಳಿ ಚೆರ್ರಿಯ ಬೀಜ ತೆಗೆ. ಆ ಹೊತ್ತಿನಲ್ಲಿ ನಾನು ಮಕ್ಕಳ ಜೊತೆ ಕೂರುತ್ತೇನೆ. ನೀನು ಅವರ ಜೊತೆ ಕೂತು ನಾನು ಒಗೆದರೆ ಅವರಿಗೆ ಏನು ಬಂತು?" ಎಂದಳು. ಬೇಸರವಾಯಿತೆಂಬುದನ್ನು ಮುಚ್ಚಿಡಲಾರೆ. ಇಷ್ಟು ದೂರ ಬಂದದ್ದು ಇದಕ್ಕೇ ಏನು ಎಂದುಕೊಂಡೆ. ಹನ್ನೊಂದು ವರ್ಷದ ಹುಡುಗನೊಬ್ಬನಿದ್ದ. ನನಗಿಂತ ಮುಂಚೆ ಹಲವು ಬೇಸಗೆಗಳಲ್ಲಿ ಹಲವು ದೇಶಗಳ ಸ್ವಯಂಸೇವಕರನ್ನು ಕಂಡವನು. ನನ್ನ ಹೆಸರನ್ನು ಆತ ಕೇಳಲಿಲ್ಲ. ಕೇಳಿದ ಮೊದಲ ಪ್ರಶ್ನೆ, "ಕಿಂದ್ ಪ್ಲೇಚ್?" — ಯಾವಾಗ ಹೊರಡುತ್ತೀ? ಆಗಸ್ಟಿನ ಕೊನೆಗೆ ಎಂದೆ. ತಲೆಯಾಡಿಸಿ ಸೈಕಲ್ ತುಳಿಯುತ್ತ ಹೋದ. ಹತ್ತು ವಾರಗಳಲ್ಲಿ ಆತ ನನ್ನೊಡನೆ ಆಡಿದ ಮಾತುಗಳನ್ನು ಬೆರಳಲ್ಲಿ ಎಣಿಸಬಹುದು.

ಹೊರಡುವ ದಿನ ನಾನೊಂದು ತಪ್ಪು ಮಾಡಿದೆ. ನಮ್ಮ ಒಳ್ಳೆಯ ಸಂಪ್ರದಾಯವೇ ಅದಕ್ಕೆ ಕಾರಣ. ಮನೆಯಿಂದ ಹೊರಡುವವರು 'ಹೋಗುತ್ತೇನೆ' ಎನ್ನಬಾರದು, 'ಹೋಗಿ ಬರುತ್ತೇನೆ' ಎನ್ನಬೇಕೆಂದು ನಮಗೆಲ್ಲ ಹಿರಿಯರು ಕಲಿಸಿರುತ್ತಾರೆ. ಬಾಗಿಲಲ್ಲಿ ಆ ಪುಟ್ಟ ಹುಡುಗಿಯ ಕೆನ್ನೆ ಹಿಡಿದು ನಾನು ಅದನ್ನೇ ರೊಮೇನಿಯನ್‌ನಲ್ಲಿ ಹೇಳಿದೆ. ಪದಕ್ಕೆ ಪದ ಸರಿಯಾಗಿಯೇ ಇತ್ತು. ಆದರೆ ಆ ಭಾಷೆಯಲ್ಲಿ ಅದು ಶುಭದ ಮಾತಲ್ಲ. ಅಂಗಡಿಗೆ ಹೋಗುವವರು, ಈಗಲೇ ಬಂದೆ ಎನ್ನುವ ಅರ್ಥದಲ್ಲಿ ಆಡುವ ಮಾತು. ತಾಂತಿಯ ಮುಖ ಬಿಗಿಯಾದದ್ದನ್ನು ಕಂಡೆ. ಬಸ್ಸು ಬಂದಿತ್ತು, ವಿವರಿಸಲು ಹೊತ್ತಿರಲಿಲ್ಲ.

ಅಕ್ಟೋಬರಿನಲ್ಲಿ ಆಕೆಯ ಪತ್ರ ಬಂತು. ನಾನು ಹೊರಟ ದಿನ ಸಂಜೆಯವರೆಗೂ ಮಗು ಮೆಟ್ಟಿಲ ಮೇಲೆ ಕೂತಿತ್ತಂತೆ, ಮರುದಿನವೂ ಕೂತಿತ್ತಂತೆ. ಮೂರನೆಯ ದಿನ ತಾನಾಗಿ ಎದ್ದುಹೋಯಿತಂತೆ. ದೂರಿನ ಒಂದು ಮಾತೂ ಅದರಲ್ಲಿರಲಿಲ್ಲ. "ನೀನು ಬರುವುದಾದರೆ ಬಾ, ಬರುವುದಿಲ್ಲವಾದರೆ ತಿಂಗಳಿಗೊಂದು ಕಾರ್ಡು ಬರೆ. ಆದರೆ ಯಾವುದಕ್ಕೂ ಮಾತು ಕೊಡಬೇಡ" ಎಂದಷ್ಟೇ ಬರೆದಿದ್ದಳು. ನಾನು ಕಾರ್ಡು ಬರೆದೆ. ಚಳಿ ಬಿದ್ದಿದೆ, ಅಳಿಲೊಂದನ್ನು ಕಂಡೆ, ಛತ್ರಿ ಕಳೆದುಹೋಯಿತು: ಇಂಥವೇ ನಾಲ್ಕು ಸಾಲು. ಬರುತ್ತೇನೆಂದು ಬರೆಯದಿರುವುದು ಎಷ್ಟು ಕಷ್ಟವೆಂಬುದು ಆಗ ತಿಳಿಯಿತು.

ಈಚಿನ ವರ್ಷಗಳಲ್ಲಿ ಈ ವಿಷಯದಲ್ಲಿ ಲೋಕಾಭಿಪ್ರಾಯ ಬಹಳ ಬದಲಾಗಿದೆ. ನೇಪಾಳ, ಕಾಂಬೋಡಿಯಗಳಂಥ ದೇಶಗಳಲ್ಲಿ ಪ್ರವಾಸಿಗಳ ಕರುಣೆಯನ್ನೇ ನಂಬಿಕೊಂಡು ಅನಾಥಾಲಯಗಳು ಹುಟ್ಟಿಕೊಂಡದ್ದೂ, ತಾಯಿತಂದೆಗಳಿರುವ ಮಕ್ಕಳನ್ನು ಓದಿಸುವ ಆಸೆ ತೋರಿಸಿ ಅವುಗಳಿಗೆ ತಂದು ತುಂಬಿದ್ದೂ ಬೆಳಕಿಗೆ ಬಂದಿದೆ. 2019ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಅಂಗೀಕರಿಸಿದ ಮಕ್ಕಳ ಹಕ್ಕುಗಳ ನಿರ್ಣಯದಲ್ಲಿ, ಅನಾಥಾಲಯಗಳಲ್ಲಿ ಸ್ವಯಂಸೇವೆ ಮಾಡುವ ಪ್ರವಾಸದಿಂದಾಗುವ ಹಾನಿಯ ಪ್ರಸ್ತಾಪವಿದೆ. ಈಗ ಯಾರಾದರೂ ತರುಣರು ಬಂದು, ಬೇಸಗೆಯಲ್ಲಿ ಇಂಥ ಕಡೆ ಹೋಗಲೇ ಎಂದು ಕೇಳಿದರೆ, ನಾನು ಬೇಡವೆನ್ನುತ್ತೇನೆ. ಹೋಗಲೇಬೇಕೆಂದು ಹಟ ಹಿಡಿದರೆ, ಒಗೆಯಲು ಬಟ್ಟೆ ಕೊಡುವ ಕಡೆಗೆ ಹೋಗಿ ಎನ್ನುತ್ತೇನೆ. ಹಾಗೆ ಹೇಳುವಾಗಲೂ ಆ ಹಿತ್ತಿಲಿನ ಪ್ಲಮ್ ಮರಗಳು ಕಣ್ಣ ಮುಂದೆ ಬರುತ್ತವೆ. ಹೋಗಬಾರದಿತ್ತೆಂದು ನನಗೆ ನಾನೇ ಹೇಳಿಕೊಳ್ಳುವುದು ಇಂದಿಗೂ ಸಾಧ್ಯವಾಗಿಲ್ಲ.

2009ರಲ್ಲಿ ತಾಂತಿಯಿಂದ ಇನ್ನೊಂದು ಪತ್ರ ಬಂತು. ಹುಡುಗಿಯನ್ನು ಪಕ್ಕದ ಹಳ್ಳಿಯ ಸಾಕುತಾಯಿಯೊಬ್ಬಳ ಮನೆಗೆ ಕಳುಹಿಸಿದ್ದರು. ಇನ್ನು ಕಾರ್ಡು ಬೇಡವೆಂದು ಬರೆದಿದ್ದಳು. ಜೊತೆಗೆ ಒಂದು ಫೋಟೋ ಇತ್ತು. ಕೋಳಿಗಳು ಓಡಾಡುವ ಅಂಗಳದಲ್ಲಿ ತಲೆಗೆ ವಸ್ತ್ರ ಕಟ್ಟಿಕೊಂಡ ದಪ್ಪನೆಯ ಹೆಂಗಸು ನಿಂತಿದ್ದಾಳೆ. ಹುಡುಗಿ ಎಲ್ಲಿ ಎಂದು ಮೊದಲು ತಿಳಿಯಲಿಲ್ಲ. ಆಮೇಲೆ ನೋಡಿದರೆ, ಆ ಹೆಂಗಸಿನ ಲಂಗದ ಹಿಂದೆ ಒಂದು ಪುಟ್ಟ ಮೊಣಕೈ, ಅರ್ಧ ಮುಖ. ಫೋಟೋ ತೆಗೆದವನು ಹೊಸಬನಂತೆ; ಎಷ್ಟು ಕರೆದರೂ ಅವಳು ಮುಂದೆ ಬರಲಿಲ್ಲವಂತೆ. ತಾಂತಿ ಅದನ್ನು ಎರಡು ಸಲ ಬರೆದಿದ್ದಳು.