ಚಳ್ಳಕೆರೆ: ಜೂನ್‌ನಲ್ಲಿ ನೆಟ್ಟ ಸಸಿ ಯುಗಾದಿಗೆ ಯಾಕೆ ಒಣಗುತ್ತೆ? ಅಂಗಡಿ ಮುಂದೆ ಯಾವ ಗಿಡ ಹಾಕಬೇಕು?

ಚಳ್ಳಕೆರೆ: ಪ್ರತಿ ವರ್ಷ ಜೂನ್ 5ಕ್ಕೆ ಪರಿಸರ ದಿನ ಅಂತ ಊರ ತುಂಬಾ ಸಸಿ ನೆಡ್ತಾರೆ. ಅದರಲ್ಲಿ ಎಷ್ಟೋ ಸಸಿ ಮುಂದಿನ ಬೇಸಿಗೆ ನೋಡಲ್ಲ. ನೀರು ಹಾಕಲಿಲ್ಲ ಅನ್ನೋದು ಒಂದು ಕಾರಣ ಅಷ್ಟೇ. ನೆಟ್ಟ ಕಾಲ, ಆರಿಸಿದ ಗಿಡ ಎರಡೂ ಲೆಕ್ಕಕ್ಕೆ ಬರ್ತವೆ.

ಮಳೆ ಲೆಕ್ಕ

ನಮ್ಮದು ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಒಂದು. ಅದರಲ್ಲೂ ಒಳ್ಳೆ ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ ಹೆಚ್ಚು. ಜೂನ್‌ನ ಒಂದೆರಡು ಹದ ಮಳೆ ನಂಬಿ ನೆಟ್ಟರೆ, ಆಷಾಢದ ಗಾಳಿ ಎಳೆ ಸಸಿಯ ತೇವ ಹೀರಿಬಿಡುತ್ತೆ. ಹಾಗಾಗಿ ಗುಂಡಿಯನ್ನು ಈಗಲೇ ತೆಗೆದು ಬಿಸಿಲಿಗೆ ಬಿಡಿ, ಸಸಿಯನ್ನು ಹುಬ್ಬೆ, ಉತ್ತರೆ ಮಳೆಗೆ ನೆಡಿ.

ಯಾವ ಗಿಡ?

*ಹೊಂಗೆ:* ಅಂಗಡಿ ಮುಂದೆ ನೆರಳಿಗೆ ಇದೇ ಮೊದಲು. ಎಲೆ ಉದುರಿದರೂ ಯುಗಾದಿ ಹೊತ್ತಿಗೆ ಹೊಸ ಚಿಗುರು ಬರುತ್ತೆ, ಅಂದರೆ ಬಿಸಿಲು ಜೋರಾದಾಗ ನೆರಳು ಸಿದ್ಧ. ದನಗಳೂ ಅಷ್ಟಾಗಿ ಬಾಯಿ ಹಾಕಲ್ಲ.

*ಬೇವು:* ಗಟ್ಟಿ ಗಿಡ. ಆದರೆ ಮೇಕೆ ಬಿಡಲ್ಲ, ಎರಡು ವರ್ಷ ಮುಳ್ಳು ಬೇಲಿ ಬೇಕು.

*ಕಮರ:* ನಮ್ಮ ಜಿಲ್ಲೆಯ ಕುರುಚಲು ಕಾಡಿನದ್ದು. ಮೊದಲು ಬೇರು ಆಳಕ್ಕೆ ಇಳಿಸಿ ಆಮೇಲೆ ಎದ್ದೇಳುತ್ತೆ. ಶುರುವಲ್ಲಿ ನಿಧಾನ ಅಂತ ಕೀಳಬೇಡಿ. ಹೊಲ, ಖಾಲಿ ಸೈಟಿಗೆ ಸರಿ.

*ಲಕ್ಕಿ, ತಂಗಡಿ, ಬಂದರೆ:* ಕರೆಂಟ್ ತಂತಿ ಕೆಳಗೆ, ಕಾಂಪೌಂಡ್ ಪಕ್ಕಕ್ಕೆ ಇವು. ಆಡು ಕುರಿ ಸಾಮಾನ್ಯವಾಗಿ ಮುಟ್ಟಲ್ಲ. ತಂಗಡಿಯ ಹಳದಿ ಹೂವಿಗೆ ಜೇನು ಬರುತ್ತೆ.

ಬೇಗ ಹಸಿರಾಗುತ್ತೆ ಅಂತ ಕೋನೋಕಾರ್ಪಸ್ ತರುವವರು ಯೋಚಿಸಿ. ಬೇರು ಚರಂಡಿ, ಕೇಬಲ್‌ಗೆ ಹಾನಿ ಮಾಡುತ್ತೆ, ಪರಾಗದಿಂದ ಅಲರ್ಜಿ ಅಂತ ಗುಜರಾತ್ ಸರ್ಕಾರ 2023ರಲ್ಲಿ ಇದನ್ನು ನೆಡೋದನ್ನೇ ನಿಷೇಧಿಸಿತು.

ನೆಡೋದು ಹೇಗೆ?

- ರಸ್ತೆ ಬದಿ ಬರೀ ಗರಸು. 2 ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು, ಕೆರೆ ಗೋಡು, ಕಳಿತ ಕೊಟ್ಟಿಗೆ ಗೊಬ್ಬರ, ಗೆದ್ದಲಿಗೆ ಒಂದು ಹಿಡಿ ಬೇವಿನ ಹಿಂಡಿ ತುಂಬಿ.
- ಆಳೆತ್ತರದ ಸಸಿಯೇ ಬೇಕು ಅನ್ನಬೇಡಿ. ಸಣ್ಣ ಚೀಲದಲ್ಲಿ ಬಹಳ ದಿನ ಇದ್ದ ಗಿಡದ ಬೇರು ಒಳಗೇ ಸುತ್ತಿಕೊಂಡಿರುತ್ತೆ. ಮೊಣಕಾಲುದ್ದದ ಸಸಿ ಬೇಗ ಬೇರು ಬಿಡುತ್ತೆ. ಪ್ಲಾಸ್ಟಿಕ್ ಚೀಲ ಪೂರ್ತಿ ತೆಗೆದೇ ನೆಡಿ.
- ದಿನಾ ಒಂದು ಚೊಂಬು ನೀರು ಹಾಕಿದರೆ ಬೇರು ಮೇಲೇ ಉಳಿಯುತ್ತೆ. ಮಳೆ ಇಲ್ಲದಾಗ ವಾರಕ್ಕೆ ಎರಡು ಸಲ ಒಂದೊಂದು ಕೊಡ ಹಾಕಿ, ನೀರು ಆಳಕ್ಕೆ ಇಳಿಯಲಿ.
- ಬುಡಕ್ಕೆ ನಾಲ್ಕು ಬೆರಳು ದಪ್ಪ ಶೇಂಗಾ ಹೊಟ್ಟು ಹರಡಿ, ಕಾಂಡಕ್ಕೆ ತಾಗಿಸಬೇಡಿ. ಎಣ್ಣೆ ಮಿಲ್ಲುಗಳ ಊರಲ್ಲಿ ಇದಕ್ಕೇನು ಬರ ಇಲ್ಲ. ತೇವ ಉಳಿಯುತ್ತೆ.

ಸಸಿಗೆ ಅರಣ್ಯ ಇಲಾಖೆ ನರ್ಸರಿಯಲ್ಲಿ ಮುಂಚೆಯೇ ವಿಚಾರಿಸಿ. ರಸ್ತೆ ಬದಿ, ಚರಂಡಿ ಪಕ್ಕ ನೆಡುವಾಗ ನಗರಸಭೆಯವರಿಗೆ ಒಂದು ಮಾತು ಹೇಳಿ, ಪೈಪ್‌ಲೈನ್ ಎಲ್ಲಿದೆ ಕೇಳಿಕೊಳ್ಳಿ.

ಎರಡು ಬೇಸಿಗೆ ದಾಟಿಸಿದರೆ ಹೊಂಗೆ, ಬೇವಿಗೆ ಆಮೇಲೆ ಹೆಚ್ಚು ನೀರು ಬೇಡ. ಟ್ಯಾಂಕರ್ ನೀರು ಕೊಳ್ಳೋ ಊರಲ್ಲಿ ಅದೇ ದೊಡ್ಡ ಉಳಿತಾಯ. ಗಿರಾಕಿಗೂ ಬೈಕ್ ನಿಲ್ಲಿಸೋಕೆ ನೆರಳು.